ಇಸ್ತ್ರಿ ಮೇಜು ಕದಲುವುದಿಲ್ಲ

ಲಾಂಡ್ರಿಯ ಹಿಂದಿನ ಕೋಣೆ
ಸೋಮವಾರ, ಹನ್ನೆರಡನೇ ತಾರೀಖು, ಮಧ್ಯಾಹ್ನ

ಏನ್ರೀ,

ಪರಮಪೂಜ್ಯ ಎಂದು ಶುರು ಮಾಡಬೇಕೆಂದು ನಿಮ್ಮ ಶಿಷ್ಯ ಹೇಳಿಕೊಟ್ಟು ಹೋಗಿದ್ದಾನೆ. ಹಾಗೆ ಬರೆದು ಎರಡು ಹಾಳೆ ಹರಿದು ಹಾಕಿದೆ. ಸಂಸಾರ ಮಾಡಿದ ಹದಿನಾಲ್ಕು ವರ್ಷವೂ ಹೀಗೇ ಕೂಗಿದ ಬಾಯಿಗೆ ಬೇರೇನೂ ಬರುವುದಿಲ್ಲ, ಕ್ಷಮಿಸಿ. ಕ್ಷಮಿಸದಿದ್ದರೂ ಸರಿಯೇ. ಆರೋಗ್ಯ ಹೇಗಿದೆ? ಬೆಳಗಿನ ಜಾವ ತಣ್ಣೀರು ಸುರಿದುಕೊಳ್ಳುತ್ತೀರಂತೆ. ಸ್ವಲ್ಪ ಥಂಡಿ ತಾಗಿದರೆ ವಾರಗಟ್ಟಲೆ ಕೆಮ್ಮುವ ಎದೆ ನಿಮ್ಮದು, ಕಾವಿ ಉಟ್ಟ ಮಾತ್ರಕ್ಕೆ ಎದೆ ಬದಲಾಗುವುದಿಲ್ಲ. ಅತ್ತೆ ಚೆನ್ನಾಗಿದ್ದಾರೆ. ಎಂಬತ್ತಮೂರರಲ್ಲೂ ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ನನಗೆ ಮೊಣಕೈ ನೋವೊಂದು ಬಿಟ್ಟರೆ ಏನೂ ತೊಂದರೆಯಿಲ್ಲ.

ಈ ಆಶ್ರಮ ಗುರುಗಳ ಮನೆಯಲ್ಲಿ ಗುರುಗಳ ಸಂಕಲ್ಪದಿಂದ ಹುಟ್ಟಿತೆಂದು ನಿಮ್ಮವರು ಅಚ್ಚು ಹಾಕಿಸಿದ ಕಾಗದ ಓದಿದೆ. ಮೊದಲು ನಗು ಬಂತು, ಆಮೇಲೆ ಮೈ ಉರಿಯಿತು. ಹೇಗೆ ಹುಟ್ಟಿತೆಂದು ನಾನು ಹೇಳುತ್ತೇನೆ, ಕೇಳಿ. ಹದಿನಾರು ವರ್ಷದ ಹಿಂದೆ ನೀವು ಬೀಗದ ಕೈ ಇಸ್ತ್ರಿ ಮೇಜಿನ ಮೇಲಿಟ್ಟು ಹೊರಟುಹೋದ ಮೇಲೆ ಮೂರು ತಿಂಗಳು ಈ ಮನೆಯ ಮೌನ ನನ್ನನ್ನು ತಿಂದುಹಾಕಿತು. ತಡೆಯಲಾರದೆ, ಕಪಾಟಿನ ಮೇಲಿದ್ದ ಕೃಷ್ಣನ ಪಟ ನೋಡಿಕೊಂಡು, ಇಸ್ತ್ರಿ ಉಜ್ಜುತ್ತಾ ಗಟ್ಟಿಯಾಗಿ ಭಜನೆ ಹೇಳತೊಡಗಿದೆ. ಭಕ್ತಿಯೆಂದು ಸುಳ್ಳು ಹೇಳಲಾರೆ, ಬರೀ ಹೆದರಿಕೆ. ಒಂದು ಗುರುವಾರ ಸಮವಸ್ತ್ರಕ್ಕಾಗಿ ಕಾಯುತ್ತಿದ್ದ ಬಸ್ ಕಂಡಕ್ಟರೊಬ್ಬರು ದನಿ ಸೇರಿಸಿದರು. ಮುಂದಿನ ಗುರುವಾರ ಒಗೆಯಲು ಏನೂ ತರದೆಯೇ ಬಂದರು, ಜೊತೆಗೆ ಹೆಂಡತಿ, ಹೆಂಡತಿಯ ತಂಗಿ. ಮೈಲಿಗೆ ಹಾಸಿಗೆ ಬಟ್ಟೆಯ ಗಂಟುಗಳ ಮೇಲೆ ಕೂತು ಹಾಡಿದರು. ನಾಲ್ಕು ಜನ ಹನ್ನೊಂದಾದರು, ಹನ್ನೊಂದು ನಲವತ್ತಾಯಿತು. ಹಿಂದಿನ ಗೋಡೆ ಒಡೆದು, ಬಟ್ಟೆ ಒಣಹಾಕುತ್ತಿದ್ದ ಅಂಗಳಕ್ಕೆ ತಗಡು ಹೊದಿಸಿದೆವು. ಇಟ್ಟಿಗೆ ಹೊತ್ತವರಲ್ಲಿ ನಾನೂ ಒಬ್ಬಳು. ಈಗ ಗುರುವಾರಕ್ಕೆ ಇನ್ನೂರು ಜನ ಸೇರುತ್ತಾರೆ. ದಿನಾ ಮಧ್ಯಾಹ್ನ ಹಸಿದು ಬಂದವರಿಗೆ ಊಟ. ಆಸ್ಪತ್ರೆಯಿಂದ ಬಿಟ್ಟ ಮೇಲೆ ಹೋಗಲು ದಿಕ್ಕಿಲ್ಲದವರಿಗೆ ಮಹಡಿಯ ಮೇಲೆ ಎರಡು ಕೋಣೆ. ಅಲ್ಲಿ ಈಗ ಐದು ಜನ ಇದ್ದಾರೆ.

ಜನ ಹೆಚ್ಚಿದಾಗ ಪಟದ ಹತ್ತಿರ ಯಾರು ಕೂರಬೇಕೆಂದು ಮುಸುಕಿನ ಗುದ್ದಾಟ ಶುರುವಾಗಿತ್ತು. ಅದನ್ನು ಬಿಡಿಸಿದ್ದು ನನ್ನ ಎಡವಟ್ಟು. ಒಂದು ದಿನ ಕೆಲಸದ ಅವಸರದಲ್ಲಿ, ಭಜನೆಗೆ ಬಂದವರಿಗೂ ಬಟ್ಟೆಯ ಟೋಕನ್ ಕೊಟ್ಟು ಒಳಗೆ ಕಳಿಸಿಬಿಟ್ಟೆ. ಅದು ಕೂರುವ ಜಾಗದ ಸಂಖ್ಯೆ ಎಂದುಕೊಂಡು ಅವರು ಹಾಗೇ ಸಾಲಾಗಿ ಕೂತರು, ಯಾರೂ ತುಟಿಪಿಟಿಕ್ಕೆನ್ನಲಿಲ್ಲ. ಅಂದಿನಿಂದ ಅದೇ ನಮ್ಮ ಪದ್ಧತಿ. ಚೀಲಕ್ಕೆ ಕೈಹಾಕಿ ಟೋಕನ್ ತೆಗೆಯುವುದು, ಬಂದ ಸಂಖ್ಯೆಯಲ್ಲಿ ಕೂರುವುದು, ಒಂದನೇ ಸಂಖ್ಯೆ ಬಂದವರು ದೀಪ ಹಚ್ಚುವುದು. ತಗಡು ಕೊಡಿಸಿದ ಗುತ್ತಿಗೆದಾರರು ಎಷ್ಟೋ ಸಲ ಚಪ್ಪಲಿ ರಾಶಿಯ ಪಕ್ಕ ಕೂತಿದ್ದಾರೆ, ಅವರ ಬೀದಿ ಗುಡಿಸುವಾಕೆ ದೀಪ ಹಚ್ಚಿದ್ದಾಳೆ. ಮೊದಮೊದಲು ಅವರ ಮುಖ ಊದುತ್ತಿತ್ತು. ಈಗ ತಾವೇ, ಇವತ್ತೂ ಬಾಗಿಲು ಕಾಯೋ ಕೆಲಸ ನಂದೇ ಎಂದು ನಗುತ್ತಾರೆ.

ಮೊನ್ನೆ ಗುರುವಾರ ನಿಮ್ಮ ಶಿಷ್ಯನಿಗೆ ತೊಂಬತ್ತನಾಲ್ಕು ಬಂತು, ಒಗೆಯುವ ತೊಟ್ಟಿಯ ಪಕ್ಕ. ಕೂರಲಿಲ್ಲ. ಜೇಬಿನಿಂದ ಟೇಪು ತೆಗೆದು ನೆಲ ಅಳೆಯತೊಡಗಿದ. ಮುಂದಿನ ತಿಂಗಳು ನೀವು ಬಂದು ನೆಲೆಸುತ್ತೀರಂತೆ, ನಿಮ್ಮ ಪೀಠಕ್ಕೆ ಜಾಗ ಬೇಕಂತೆ. ಇನ್ನೂರು ಜನರೆದುರು ನನ್ನನ್ನು ಗುರುಗಳ ಪೂರ್ವಾಶ್ರಮದವರು ಎಂದು ಪರಿಚಯಿಸಿ, "ಈ ಮೇಜು ತೆಗೆಸಿಬಿಡಿ ತಾಯಿ, ಲಾಂಡ್ರಿನೂ ಇನ್ನು ಸಾಕು, ಆಶ್ರಮಕ್ಕೆ ಶೋಭೆ ತರಲ್ಲ" ಎಂದ. ಮನೆ ಇನ್ನೂ ಗುರುಗಳ ಹೆಸರಿನಲ್ಲೇ ಇದೆ ಎಂಬುದನ್ನೂ ನಯವಾಗಿ ಕಿವಿಗೆ ಹಾಕಿದ. ಅತ್ತೆ ಕೂತಲ್ಲಿಂದಲೇ, "ಆ ಮೇಜಿನ ಮೇಲೆ ಮಲಗಿಸಿ ಅವನ ಒದ್ದೆ ಬಟ್ಟೆ ಬದಲಾಯಿಸ್ತಿದ್ದೆ ನಾನು. ಅದಕ್ಕಿಂತ ದೊಡ್ಡ ಪೀಠ ಬೇಕಂತಾ ಅವನಿಗೆ?" ಎಂದರು. ಇಡೀ ಸಭೆ ಬಿದ್ದುಬಿದ್ದು ನಕ್ಕಿತು. ಶಿಷ್ಯ ಟೇಪು ಸುತ್ತಿಕೊಂಡ.

ಮೇಜು ಕದಲುವುದಿಲ್ಲ. ಲಾಂಡ್ರಿಯೂ ನಿಲ್ಲುವುದಿಲ್ಲ. ಒಲೆ ಉರಿಯುವುದು ಅದರಿಂದ. ಬೇರೆಯವರ ಕೊಳೆ ಮುಟ್ಟಿ ಬದುಕುವುದರಲ್ಲಿ ನನಗೆ ನಾಚಿಕೆಯಿಲ್ಲ. ನೀವು ದೇವರನ್ನು ಹುಡುಕಲು ಹೋದಿರೆಂದು ನಾನು ಒಂದು ದಿನವೂ ಬೀದಿಯಲ್ಲಿ ನಿಂತು ದೂರಲಿಲ್ಲ, ಒಳಗೊಳಗೇ ಅತ್ತಿದ್ದೇನೆ. ನಿಮ್ಮ ಕಂಠ ಚೆನ್ನಾಗಿತ್ತು, ಅದನ್ನು ಮರೆತಿಲ್ಲ. ಈ ಜನರ ನಡುವೆ ಕೂತು ಅದನ್ನು ಕೇಳುವ ಆಸೆಯೂ ಇದೆ. ಆದರೆ ಎಲ್ಲರ ತಲೆಗಿಂತ ಎತ್ತರದಲ್ಲಿ ಕೂರುವ ಒಬ್ಬರನ್ನು ಇಲ್ಲಿ ಇಡಲಾರೆ, ಅದು ನೀವಾದರೂ ಅಷ್ಟೇ. ಗುತ್ತಿಗೆದಾರರೂ ಕಂಡಕ್ಟರೂ ಇದೇ ಮಾತು ಹೇಳಿದ್ದಾರೆ.

ಅತ್ತೆಯ ಆಶೀರ್ವಾದ. ಅವರು ಬರೆಯಲು ಹೇಳಿದ್ದು ಬೈಗುಳ, ನಾನೇ ತಿದ್ದಿದ್ದೇನೆ. ಎದೆಗೆ ಬೆಚ್ಚಗೆ ಏನಾದರೂ ಹೊದ್ದುಕೊಳ್ಳಿ.

ಇಂತಿ,
ನಿಮ್ಮವರ ಬಾಯಲ್ಲಿ ಪೂರ್ವಾಶ್ರಮದವಳು,
ಇಲ್ಲಿ ಎಲ್ಲರಿಗೂ ಇಸ್ತ್ರಿಯಕ್ಕ

ಮ. ವಿ.: ಟಪಾಲಿಗೆ ಹೊತ್ತಾಯಿತು, ಬೇಗ ಬರೆಯುತ್ತೇನೆ. ಜೊತೆಗೊಂದು ಪತ್ರ ಇಟ್ಟಿದ್ದೇನೆ. ಮನೆಯನ್ನು ಆಶ್ರಮಕ್ಕೆ ಬಿಟ್ಟುಕೊಟ್ಟಿದ್ದೇನೆಂದು ನೀವು ಬರೆದುಕೊಡುವ ಪತ್ರ. ಪೆನ್ಸಿಲ್ ಗುರುತಿರುವ ಎರಡು ಕಡೆ ಸಹಿ ಹಾಕಿ. ಹಳೆಯ ಹೆಸರಿನಲ್ಲೇ ಹಾಕಬೇಕಂತೆ, ವಕೀಲರು ಹೇಳಿದರು. ನನ್ನ ಕೈ ಹಿಡಿದಾಗ ಇತ್ತಲ್ಲ, ಆ ಹೆಸರು. ಎಲ್ಲವನ್ನೂ ಬಿಟ್ಟವರಿಗೆ ಇದೊಂದು ಭಾರವಾಗಬಾರದು. ಬಿಡಲು ಮನಸ್ಸು ಬಾರದಿದ್ದರೆ ಅದೂ ತಪ್ಪಲ್ಲ, ಮನೆ ಬೇಕೆನ್ನುವವನು ಸಂಸಾರಿ. ಕಾವಿ ಕಳಚಿಟ್ಟು ಬನ್ನಿ, ನಿಮ್ಮ ಹಳೆಯ ಅಂಗಿಗಳು ಇನ್ನೂ ಇವೆ. ತಿಂಗಳ ಕೊನೆಯವರೆಗೆ ಕಾಯುತ್ತೇನೆ. ಸಹಿ ಬರಲಿ, ಇಲ್ಲವೇ ನನ್ನ ಗಂಡ ಬರಲಿ. ಸ್ವಾಮಿಗಳು ಮಾತ್ರ ಬರುವುದು ಬೇಡ.