ಹೊಸತೊಡಕಿನ ಮೊಲ

ಏಪ್ರಿಲ್ 4, ಗುರುವಾರ. ಬೆಳಿಗ್ಗೆ 7.10

ಇವತ್ತು ಎರಡು ಹೆಗ್ಗಣ. ಒಂದು ಕೋಳಿ ಶೆಡ್ಡಿನ ಹಿಂದೆ, ಇನ್ನೊಂದು ಸಂಪಿನ ಪಕ್ಕ. ಎರಡಕ್ಕೂ ಗುಂಡು ಕಣ್ಣು-ಕಿವಿ ನಡುವೆ ಬಿತ್ತು. ಒದ್ದಾಡಲಿಲ್ಲ. ಮೂರನೆಯದಕ್ಕೆ ಗುರಿ ಇಟ್ಟೆ, ಹೊಡೆಯಲಿಲ್ಲ, ಹಿಂದೆ ಕಲ್ಲಿತ್ತು. ಏರ್ ಗನ್ನಿನ ಗುಂಡು ತೊಗರಿಕಾಳಿನಷ್ಟು. ಆದರೆ ಕಲ್ಲಿಗೆ ಬಡಿದು ಎತ್ತ ಹಾರುತ್ತದೋ ಯಾರಿಗೆ ಗೊತ್ತು. ಖಾಲಿ ಸೈಟಿನ ಆಚೆಗೆ ಅಪಾರ್ಟ್‌ಮೆಂಟು, ಪೂರ್ತಿ ಗಾಜು. ಅದಕ್ಕೇ ಮೆಟ್ಟಿಲ ಮೇಲೆ ಕೂತು ಕೆಳಮುಖವಾಗಿಯೇ ಹೊಡೆಯುತ್ತೇನೆ. ಆದರೂ ಮಲಗಿದರೆ ಗಾಜು ಒಡೆದ ಸದ್ದು ಕೇಳಿಸುತ್ತದೆ.

ಗನ್ನು ನಮ್ಮ ಮನೆ ಓನರ್ ಸೊಣ್ಣಪ್ಪನವರದು. ಅವರಿಗೆ ಕಣ್ಣಿನ ಪೊರೆ ಬಂದಿದೆ. ನನ್ನದು ಕೂಡ್ಲಿಗಿ ಕಡೆ, ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟು ಕವಣೆ ಹಿಡಿದು ತಿರುಗಿದವನು. ಗುರಿ ಒಂದು ಉಳಿದುಕೊಂಡಿದೆ. ಬೊಮ್ಮಸಂದ್ರದ ಡಬ್ಬದ ಫ್ಯಾಕ್ಟರಿಯಲ್ಲಿ ನನಗೆ ಯಾವಾಗಲೂ ಸೆಕೆಂಡ್ ಶಿಫ್ಟು, ಬೆಳಿಗ್ಗೆ ಹೊತ್ತು ಖಾಲಿ. ಹೆಗ್ಗಣ ಹೊಡೆದುಕೊಟ್ಟರೆ ಟ್ಯಾಂಕರ್ ಬಂದ ದಿನ ನಮ್ಮ ರೂಮಿಗೆ ಎರಡು ಕೊಡ ಜಾಸ್ತಿ. ಈ ಬೇಸಿಗೆಯಲ್ಲಿ ಅದು ಸಣ್ಣದಲ್ಲ.

ಮುಂಗುಸಿ ಮತ್ತೆ ಬಂದು ಹುಂಜದ ಕತ್ತು ಕಡಿದು ಹೋಗಿದೆ.

"ಒಡೀಲಾ ಅದನ್ನ" ಅಂದರು ಓನರ್.

"ಮುಂಗುಸಿ ಹೊಡದ್ರ ಕೇಸ್ ಆಕ್ಕತಂತ್ರಿ ಅಣ್ಣಾರ."

"ನನ್ ಉಂಜ ಸಾಯ್ಸಿದ್ದುಕ್ಕೆ ಅದ್ರ ಮ್ಯಾಲೆ ಯಾವ್ ಕೇಸೂ ಇಲ್ವಾ?"

ಏಪ್ರಿಲ್ 6, ಶನಿವಾರ

ಮುಂಗುಸಿ ಕಂಡಿತು. ಇಪ್ಪತ್ತು ಹೆಜ್ಜೆ ದೂರ. ನಿಂತು ನನ್ನನ್ನೇ ನೋಡಿತು. ಹೊಡೆಯಲು ಕೈ ಏಳಲಿಲ್ಲ. ಕೊನೆಗೆ ಅದರ ಬಾಲದ ಹತ್ತಿರ ಮಣ್ಣಿಗೆ ಒಂದು ಬಿಟ್ಟೆ, ಹೆದರಿ ಓಡಲಿ ಅಂತ. ಓನರ್‌ಗೆ ಗುರಿ ತಪ್ಪಿತು ಅಂದೆ.

"ತೆಪ್ಪಿದ್ರೆ ತೆಪ್ಪಲಿ ಬುಡು. ಬೇರೆ ಕೆಲ್ಸ ಐತೆ, ಒಳೀಕೆ ಬಾ" ಅಂದರು.

ಒಳಗೆ ಅವರ ತಾಯಿ ಅಂಜಿನಮ್ಮ ಮಂಚದ ಮೇಲೆ. ಎಂಬತ್ತು ದಾಟಿದೆ. ಈ ಮನೆಯಲ್ಲಿ ಯುಗಾದಿ ಮಾರನೇ ದಿನ, ಹೊಸತೊಡಕಿಗೆ, ಬಾಡಿನ ಗಡಿಗೆಯಲ್ಲಿ ಬೇಟೆಯದು ಒಂದು ತುಂಡಾದರೂ ಬೀಳಬೇಕಂತೆ. ಅಜ್ಜಿಯ ಮಾವನ ಕಾಲದಿಂದ ಬಂದದ್ದು. ಹೊಲ ಎಲ್ಲ ಸೈಟಾದ ಮೇಲೆ ನಿಂತಿದೆ.

"ಏಳ್ ವರ್ಸದಿಂದ ಅಂಗಡಿ ಮಟನ್ನೇ ಕಣಪ್ಪ" ಅಂದಿತು ಅಜ್ಜಿ. "ಈ ವರ್ಸ ತಿಂದ್ರೆ ತಿಂದೆ. ಬರೋ ವರ್ಸ ನನ್ ಪೋಟೋಕ್ಕೆ ಎಡೆ ಇಕ್ತಾರೆ, ಅದ್ರಾಗೆ ಏನಿದ್ರೇನು."

"ಮೊಲ ಐತೆ ಕಣೋ ಸೈಟಲ್ಲಿ" ಅಂದರು ಓನರ್. "ನಾನೇ ಇಕ್ಕೆ ನೋಡಿವ್ನಿ."

ಹಿಕ್ಕೆ ನಾನೂ ನೋಡಿದ್ದೇನೆ, ಹುಲ್ಲಿನ ನಡುವೆ ಕಾಳಿನ ಹಾಗೆ. ಮೊಲ ನೋಡಿಲ್ಲ. ಆಗಲಿ ಅಂದುಬಿಟ್ಟೆ. ಯಾಕೆ ಅಂದೆನೋ.

ಏಪ್ರಿಲ್ 7, ಭಾನುವಾರ

ನಿದ್ದೆ ಬರಲಿಲ್ಲ. ಮೊಲ ಹೊಡೆದರೂ ಫಾರೆಸ್ಟ್‌ನವರ ಕೇಸಂತೆ. ಅದರ ಮೇಲೆ ಎಲೆಕ್ಷನ್. ಬಂದೂಕು ಎಲ್ಲ ಸ್ಟೇಷನ್ನಿಗೆ ಒಪ್ಪಿಸಬೇಕು ಅಂತ ಫ್ಯಾಕ್ಟರಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ಓನರ್‌ಗೆ ಹೇಳಿದೆ. ನಕ್ಕರು. "ಜಾತ್ರೇಲಿ ಬಲೂನ್ ಒಡಿಯೋ ಗನ್ನು ಕಣೋ ಇದು. ಇದುನ್ನ ತಕೊಂಡು ಸ್ಟೇಸನ್‌ಗೋದ್ರೆ ಬಲೂನ್ ಎಲ್ಲಿ ಅಂತಾರೆ."

ಹೆಂಡತಿ ಮರೆವ್ವ ಬ್ಯಾಡ ಅಂದಳು. ಅವಳು ಬೇಡ ಅಂದರೆ ಹೆದರಿಕೆ ಇನ್ನೂ ಜಾಸ್ತಿ. ಅಜ್ಜಿಯ ಮುಖ ನೆನೆದರೆ ಆಗಲ್ಲ ಅನ್ನಲೂ ಆಗುವುದಿಲ್ಲ.

ಏಪ್ರಿಲ್ 10, ಬುಧವಾರ. ಬೆಳಿಗ್ಗೆ 6.40

ಸಿಕ್ಕಿತು.

ಐದೂವರೆಗೇ ಹೋಗಿ ಲಂಟಾನ ಪೊದೆಯ ಪಕ್ಕ ಕೂತಿದ್ದೆ. ಬೆಳಕು ಹರಿಯುವಾಗ ಬಂತು. ಕಂದು ಬಣ್ಣ, ಕಿವಿ ನೆಟ್ಟಗೆ. ಹದಿನೈದು ಹೆಜ್ಜೆ ಇರಲಿಲ್ಲ. ಹಿಂದೆ ಮಣ್ಣಿನ ಗುಡ್ಡೆ, ಗುಂಡು ಎಲ್ಲೂ ಹಾರುವ ಹಾಗಿಲ್ಲ. ಎಲ್ಲ ಸರಿ ಇತ್ತು. ಗುಂಡು ತುಂಬಲು ಗನ್ನಿನ ನಳಿಗೆ ಮಡಚುವಾಗ ಕಟ್ ಅಂತ ಸದ್ದಾಯಿತು, ಹೋಯಿತು ಅಂದುಕೊಂಡೆ. ಹೋಗಲಿಲ್ಲ. ಒಂದೇ ಗುಂಡು.

ಚೀಲದಲ್ಲಿ ಹಾಕಿ ಗೋಡೆ ಬದಿಯಿಂದ ತಂದೆ. ಯಾರೂ ನೋಡಿಲ್ಲ. ನೋಡಿಲ್ಲ ಅನ್ನಿಸುತ್ತದೆ.

ಅದೇ ದಿನ, 10 ಗಂಟೆ

ಹಿತ್ತಲಲ್ಲಿ ಚರ್ಮ ಸುಲಿದೆ. ಏನೋ ಸರಿಯಿಲ್ಲ.

ಒಳಗೆ ಕೊಬ್ಬು. ಮೂತ್ರಪಿಂಡದ ಸುತ್ತ ಬೆಣ್ಣೆ ಉಂಡೆ ಹಾಗೆ. ನಮ್ಮ ಕಡೆಯ ಮೊಲದಲ್ಲಿ ಕೊಬ್ಬು ಅಂದರೆ ಉಗುರಿನಷ್ಟೂ ಇರುವುದಿಲ್ಲ, ಓಡಿ ಓಡಿ ಮಾಂಸ ಕೆಂಪು-ಕಪ್ಪು. ಇದು ಬೆಳ್ಳಗೆ, ಕೋಳಿಯ ಹಾಗೆ. ಬೇಸಿಗೆಯಲ್ಲಿ ಈ ಸೈಟಿನಲ್ಲಿ ಏನು ತಿಂದು ದಪ್ಪವಾಯಿತು?

ಆಮೇಲೆ ಕಾಲು ನೋಡಿದೆ. ಉಗುರು ಕತ್ತರಿಸಿದ್ದಾರೆ. ನಾಲ್ಕೂ ಕಾಲಿನದು, ಒಂದೇ ಅಳತೆ. ಸವೆದದ್ದಲ್ಲ. ನೇಲ್ ಕಟರ್‌ನಲ್ಲಿ ಕತ್ತರಿಸಿದ್ದು.

ಸಾಕಿದ ಮೊಲ ಅಂದರೆ ಬಿಳಿ, ಕೆಂಪು ಕಣ್ಣು ಅಂತಲೇ ನಾನು ತಿಳಿದಿದ್ದೆ. ಕಂದು ಇರುತ್ತದೆ ಅಂತ ಯಾರು ಹೇಳಿದ್ದರು ನನಗೆ.

ಓನರ್ ಬಂದು "ಆಯ್ತೇನೋ? ಮಸಾಲೆ ರುಬ್ಬಾಯ್ತು" ಅಂದರು. ಅವರ ಮುಖ ನೋಡಿದೆ. ಕಾಲು ನಾಲ್ಕೂ ಕತ್ತರಿಸಿ ಪೇಪರಿನಲ್ಲಿ ಸುತ್ತಿದೆ. ಆಯ್ತು ಅಂದೆ.

ಅದೇ ದಿನ, ಶಿಫ್ಟಿಗೆ ಹೊರಡುವ ಮುಂಚೆ

ಊಟ ಆಯಿತು. ಮನೆಯವರು, ಬಾಡಿಗೆಯವರು, ಎಲ್ಲ ಸೇರಿ ಇಪ್ಪತ್ತು ಜನ. ಮೊದಲ ತುಂಡು ಅಜ್ಜಿಗೆ. ಬಾಯಲ್ಲಿ ಆಡಿಸಿ ಆಡಿಸಿ, ಕೊನೆಗೆ ನನ್ನ ಕಡೆ ತಿರುಗಿತು.

"ಏನ್ಲಾ ಇದು, ಮೊಲಾನೂ ಬಾಯ್ಲರ್ ಕೋಳಿ ಆಗೋಯ್ತಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ.

ಹೊಡೆದವನಿಗೆ ತಲೆ, ಮತ್ತೆ ಈಲಿ, ಅಂದರೆ ಲಿವರ್. ಅದು ಇಲ್ಲಿನ ಪದ್ಧತಿ. ಮರೆವ್ವ ರೂಮಿಗೆ ತಂದು ಒಣಮೆಣಸಿನಕಾಯಿ ಹಾಕಿ ಹುರಿದಳು. ನಾನು ಎರಡು ತುತ್ತು ತಿಂದೆ. "ಮೆತ್ತಗ ಚಲೋ ಐತಿ" ಅಂತ ಉಳಿದದ್ದು ಅವಳು ತಿಂದಳು.

ಏಪ್ರಿಲ್ 11, ಗುರುವಾರ. ಬೆಳಿಗ್ಗೆ 11

ಮರೆವ್ವ ಎದುರಿನ ಅಪಾರ್ಟ್‌ಮೆಂಟಿನಲ್ಲಿ ಅಡುಗೆ ಮಾಡುತ್ತಾಳೆ. ಫಸ್ಟ್ ಫ್ಲೋರ್, ಸಿದ್ದಾರ್ಥ್ ಅಂತ, ಒಬ್ಬರೇ, ಮನೆಯಿಂದಲೇ ಕಂಪ್ಯೂಟರ್ ಕೆಲಸ. ಹಬ್ಬಕ್ಕೆ ಎರಡು ದಿನ ರಜೆ ಇತ್ತು, ಇವತ್ತು ಹೋಗಿ ಬಂದಳು. ಚಪ್ಪಲಿ ಬಿಡುತ್ತಲೇ ಅಂದಳು—

"ಏನ್ರಿ, ನಮ್ ಸಾರ್ ಮೊಲ ಕಳದೈತಂತ. ಯುಗಾದಿ ಸಂಜಿಗೆ ಕೆಳಗ ಹುಲ್ಲಾಗ ಆಡಾಕ ಬಿಟ್ಟಿದ್ರಂತ, ಕಾಂಪೌಂಡಿನ ಮೋರಿ ತೂತಿನ್ಯಾಗ ನುಸುಳಿ ಹೋಗೈತಿ. ಊಟ ಮಾಡಿಲ್ಲ ಪಾಪ, ಕಣ್ಣೆಲ್ಲ ಬಾತಾವು."

ಯಾವ ಬಣ್ಣ ಅಂತ ಕೇಳಿದೆ. ಕೇಳುವ ಅಗತ್ಯ ಇರಲಿಲ್ಲ.

"ಬೆಲ್ಲದ ಬಣ್ಣ. ಚಕ್ಕುಲಿ ಅಂತ ಹೆಸರು. ದಿನಾ ಕೊತ್ತಂಬರಿ ದಂಟು ನಾನ ತಿನ್ನಸ್ತಿದ್ದೆ."

ಹೇಳಲಿಲ್ಲ. ಹೇಳಿದರೆ ಅವಳ ಕೆಲಸ ಹೋಗುತ್ತದೆ. ಅದು ಆಮೇಲಿನ ಮಾತು. ಅವಳು ತಿಂದಿದ್ದಾಳೆ.

ಏಪ್ರಿಲ್ 12, ಶುಕ್ರವಾರ

ಇದನ್ನು ಬರೆಯಬಾರದು. ಬರೆಯದಿದ್ದರೆ ತಲೆಯಲ್ಲೇ ತಿರುಗುತ್ತದೆ.

ಬೆಳಿಗ್ಗೆ ಏಳಕ್ಕೆ ಸಿದ್ದಾರ್ಥ್ ಸಾರ್ ನಮ್ಮ ರೂಮಿನ ಬಾಗಿಲಿಗೆ ಬಂದರು. ಕೈಯಲ್ಲಿ ಕ್ಯಾರೆಟ್, ಒಂದು ಟವೆಲ್. ಮೂವತ್ತು ವರ್ಷದ ಗಂಡಸು.

"ಅಣ್ಣ, ಡಿಸ್ಟರ್ಬ್ ಮಾಡ್ತಿದೀನಿ. ನಿಮಗೆ ಕಾಡು, ಪ್ರಾಣಿ ಎಲ್ಲ ಗೊತ್ತು ಅಂತ ಅಕ್ಕ ಹೇಳಿದ್ರು. ಮೊಲ ಎಲ್ಲಿ ಅವಿತ್ಕೊಳ್ಳುತ್ತೆ ಅಂತ ತೋರಿಸ್ತೀರಾ?"

ಮರೆವ್ವ ಹಿಂದಿನಿಂದ "ಹೋಗ್ರಿ, ಪಾಪ" ಅಂದಳು.

ಎರಡು ಗಂಟೆ ತಿರುಗಿದೆವು. ಪೊದೆ ಪೊದೆ ಬಗ್ಗಿ ನೋಡಿದೆ. ನಾನೂ "ಚಕ್ಕುಲಿ, ಚಕ್ಕುಲಿ" ಅಂತ ಕೂಗಿದೆ. ಆ ಮಣ್ಣಿನ ಗುಡ್ಡೆ ಹತ್ತಿರ ಬಂದಾಗ "ಇಲ್ಲಿ ಹಾವಿರ್ತಾವ ಸಾರ್, ಈ ಕಡಿ ಬ್ಯಾಡ" ಅಂತ ಬೇರೆ ಕಡೆ ಕರೆದುಕೊಂಡು ಹೋದೆ. ನನ್ನ ಬಾಯಿಂದ ಅಷ್ಟು ಸಲೀಸಾಗಿ ಬಂತು.

ವಾಪಸ್ ಬರುವಾಗ ಥ್ಯಾಂಕ್ಸ್ ಅಣ್ಣ ಅಂದರು. ಕೈ ಮುಗಿದರು.

ಏಪ್ರಿಲ್ 16, ಮಂಗಳವಾರ

ಮೂರು ದಿನ ಬರೆದಿಲ್ಲ. ಗನ್ನೂ ಮುಟ್ಟಿಲ್ಲ. ಹೆಗ್ಗಣ ಹಗಲಿನಲ್ಲೇ ಓಡಾಡುತ್ತಿವೆ. ಓನರ್ ಕೇಳಿದರು, ಭುಜ ನೋವು ಅಂದೆ.

ಇವತ್ತು ಬಸಲಿಂಗ ಬಂದಿದ್ದ. ಅಪಾರ್ಟ್‌ಮೆಂಟ್ ಗೇಟಿನ ಸೆಕ್ಯೂರಿಟಿ, ನಮ್ಮ ಪಕ್ಕದ ಊರಿನವನು. ಮೆಟ್ಟಿಲ ಮೇಲೆ ಕೂತು ಟೋಪಿ ತಿರುವುತ್ತಿದ್ದ.

"ಅಸೋಸಿಯೇಷನ್ನವ್ರು ನನ್ ಮ್ಯಾಲ ಹಾಕ್ಯಾರ ಕೊಟ್ರಪ್ಪಣ್ಣ. ಹೊಸತೊಡಕಿನ ಹಿಂದಿನ ದಿನ ಕಳುವಾಗೈತಿ, ನಿಮ್ಮಂಥೋರs ಹಿಡಕೊಂಡು ಹಬ್ಬಕ್ಕ ಮಾರೀರಿ ಅಂತಾರ. ನನ್ ಬ್ಯಾಗ್ ಚೆಕ್ ಮಾಡಿದ್ರು ಮಾರಾಯ, ಬುತ್ತಿ ಡಬ್ಬಿ ಸೈತ. ಬರೋ ಶುಕ್ರವಾರದಿಂದ ಕೆಲಸಕ್ಕ ಬ್ಯಾಡ ಅಂದಾರ."

"ಸಿದ್ದಾರ್ಥ್ ಸಾರ್ ಏನಂದ್ರು?"

"ಅವ್ರು ಏನೂ ಅನ್ನಂಗಿಲ್ಲ. ಸುಮ್ನ ನನ್ ಮುಖ ನೋಡ್ತಾರ. ಅದs ತಡಿಯಾಕ ಆಗವಲ್ದು."

ಅವನು ಹೋದ ಮೇಲೆ ಶಿಫ್ಟಿಗೆ ಹೋಗಲಿಲ್ಲ. ಮರೆವ್ವನನ್ನು ಕೂರಿಸಿ ಎಲ್ಲ ಹೇಳಿದೆ. ಕೊಬ್ಬು, ಉಗುರು, ಎಲ್ಲ. ಮಧ್ಯದಲ್ಲಿ ಎದ್ದು ಬಚ್ಚಲಿಗೆ ಹೋದಳು. ವಾಂತಿಯ ಸದ್ದು. ಆರು ದಿನ ಆಗಿದೆ, ಏನಿರುತ್ತದೆ ಒಳಗೆ.

ಹೊರಗೆ ಬಂದು ಅಂದಳು, "ನನ್ ಕೈಯಾಗ ತಿಂದಿದ್ದನ್ನ ನನಗs ತಿನ್ನಿಸಿದ್ಯಲ್ಲೋ."

ಮದುವೆಯಾದಾಗಿನಿಂದ ಒಮ್ಮೆಯೂ ಏಕವಚನ ಆಡಿದವಳಲ್ಲ.

ಸಾರ್‌ಗೆ ಹೇಳಿದರೆ ನಿನ್ನ ಕೆಲಸ ಹೋಗುತ್ತದೆ ಅಂದೆ. "ಬಸಲಿಂಗಂದು ಹೋಗಬೇಕೇನು ಮತ್ತ?" ಅಂದಳು.

ಏಪ್ರಿಲ್ 17, ಬುಧವಾರ

ಮೊದಲು ಓನರ್‌ಗೆ ಹೇಳಿದೆ. "ಥೂ. ಅವ್ವಂಗೆ ಮಾತ್ರ ಏಳ್ಬೇಡ" ಅಂದರು. ಆಮೇಲೆ, "ಕೇಸ್ ಅಂದ್ರೆ ಗನ್ನು ನಂದು ಅಂತ ಏಳು. ಬಡ್ಡಿಮಗಂದು, ನಾನೇ ಅಲ್ವಾ ಕಳಿಸಿದ್ದು." ಅವರಿಂದ ಈ ಮಾತು ಬರುತ್ತದೆ ಅಂತ ಅಂದುಕೊಂಡಿರಲಿಲ್ಲ.

ಹತ್ತು ಗಂಟೆಗೆ ಸಿದ್ದಾರ್ಥ್ ಸಾರ್ ಮನೆಗೆ. ಮೆಟ್ಟಿಲು ಹತ್ತುವಾಗ ಮೂರು ಸಲ ನಿಂತೆ. ಕುಡಿಯುವುದಕ್ಕೆ ನೀರು ಕೊಟ್ಟರು. ಗ್ಲಾಸು ಹಿಡಿದುಕೊಂಡೇ ಹೇಳಿದೆ. ಕಾಡು ಮೊಲ ಅಂತ ತಿಳಿದು ಹೊಡೆದೆ, ಬಸಲಿಂಗನ ತಪ್ಪಿಲ್ಲ, ಮರೆವ್ವನಿಗೆ ಗೊತ್ತಿರಲಿಲ್ಲ. ತಿಂದದ್ದನ್ನೂ ಹೇಳಿದೆ. ಅವಳು ತಿಂದದ್ದು ಹೇಳಲಿಲ್ಲ.

"ಯಾವತ್ತು?" ಅಂದರು.

"ಹೊಸತೊಡಕಿನ ದಿನ ಸಾರ್. ಬೆಳಿಗ್ಗಿ."

"ಬುಧವಾರ." ಬೆರಳು ಮಡಚಿ ಎಣಿಸಿದರು. "ಶುಕ್ರವಾರ ನನ್ ಜೊತೆ ಹುಡುಕಿದ್ರಲ್ಲ ಅಣ್ಣ."

"ಹೌದ್ ಸಾರ್."

"ಎರಡು ಗಂಟೆ ಹುಡುಕಿದ್ವಿ. ಹೆಸರು ಹಿಡಿದು ಕರೆದ್ರಿ ನೀವು."

ಹೊಡೆದದ್ದಕ್ಕೆ ಬೈಯಲಿಲ್ಲ. ಅದೊಂದೇ ಮಾತು. ಆಮೇಲೆ ಫೋನ್ ತೆಗೆದು ಅಸೋಸಿಯೇಷನ್ನವರಿಗೆ ಮಾಡಿದರು. ಬಸಲಿಂಗನದು ಏನೂ ಇಲ್ಲ, ಮೊಲ ಸೈಟಿನಲ್ಲಿ ಸತ್ತಿದೆ, ಅವನನ್ನು ತೆಗೆಯಬೇಡಿ ಅಂದರು. ಯಾರು ಸಾಯಿಸಿದ್ದು ಅಂತ ಹೇಳಲಿಲ್ಲ. ನಾನು ಬಾಗಿಲ ಹತ್ತಿರ ನಿಂತೇ ಇದ್ದೆ.

"ನೀವು ಹೋಗಿ ಅಣ್ಣ. ನನಗೆ ಈಗ ಮಾತಾಡೋಕಾಗಲ್ಲ."

ಮರೆವ್ವ ನಾಳೆ ಬರಬೇಕೋ ಬೇಡವೋ ಕೇಳಬೇಕಿತ್ತು. ಕೇಳದೆ ಮೆಟ್ಟಿಲಿಳಿದು ಬಂದೆ. ಅವಳಿಗೆ ಹೇಳಿದರೆ, "ಹೋಗಿ ನೋಡ್ತೀನಿ" ಅಂದಳು. ಗೇಟಿನಲ್ಲಿ ಸೆಕ್ಯೂರಿಟಿಯವರು ಮೊಬೈಲಿನಲ್ಲಿ ಕೆಲಸದವರ ಹೆಸರು ನೋಡಿ ಒಳಗೆ ಬಿಡುವುದು. ಮನೆಯವರು ಹೆಸರು ತೆಗೆದಿದ್ದರೆ ಅಲ್ಲಿಂದಲೇ ವಾಪಸ್, ಎಲ್ಲರ ಎದುರಿಗೆ.

ಏಪ್ರಿಲ್ 18, ಗುರುವಾರ. 7.25

ಟೆರೇಸಿನ ಮೇಲಿದ್ದೇನೆ. ಪುಸ್ತಕ ಮೊಣಕಾಲ ಮೇಲೆ.

ಮರೆವ್ವ ಏಳೂ ಕಾಲಿಗೆ ಹೊರಟಳು. ನನ್ನ ಜೊತೆ ಇನ್ನೂ ಸರಿಯಾಗಿ ಮಾತಿಲ್ಲ. ಚಹಾ ಮಾತ್ರ ಇಟ್ಟು ಹೋಗಿದ್ದಾಳೆ. ಗೇಟಿನಲ್ಲಿ ನಿಂತಳು. ಬಸಲಿಂಗನೇ ಇದ್ದಾನೆ. ಮೊಬೈಲ್ ನೋಡುತ್ತಿದ್ದಾನೆ. ಇನ್ನೂ ನೋಡುತ್ತಿದ್ದಾನೆ. ಅಷ್ಟು ಹೊತ್ತು ಯಾಕೆ.

ಬಿಟ್ಟ. ಒಳಗೆ ಹೋದಳು.

ಬಿಟ್ಟ ಅಂದರೆ ಹೆಸರು ತೆಗೆದಿಲ್ಲ. ಅಥವಾ ತೆಗೆಯಲು ಮರೆತಿದ್ದಾರೆ. ಅಥವಾ ಎದುರಿಗೇ ಹೇಳೋಣ ಅಂತ.

7.50

ಇನ್ನೂ ಬಂದಿಲ್ಲ. ಒಲೆ ಹಚ್ಚಿರಬೇಕು.

8.05

ಫಸ್ಟ್ ಫ್ಲೋರ್ ಬಾಲ್ಕನಿಗೆ ಬಂದಳು. ಸಿದ್ದಾರ್ಥ್ ಸಾರೂ ಇದ್ದಾರೆ. ಇಬ್ಬರೂ ಸೇರಿ ಮೊಲದ ಗೂಡು ಹೊರಗೆ ತಂದಿದ್ದಾರೆ. ಅವಳು ನೀರು ಹಾಕುತ್ತಿದ್ದಾಳೆ, ಅವರು ಬ್ರಷ್ಷಿನಲ್ಲಿ ಉಜ್ಜುತ್ತಿದ್ದಾರೆ. ಏನೋ ಮಾತಾಡುತ್ತಿದ್ದಾರೆ, ಕೇಳಿಸುವುದಿಲ್ಲ. ತಾನೂ ತಿಂದೆ ಅಂತ ಹೇಳುತ್ತಿದ್ದಾಳೋ ಏನೋ. ಹೇಳುವವಳೇ ಅವಳು. ಅವರ ಕೈ ನಿಂತಿತು.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಅವರು ಮತ್ತೆ ಉಜ್ಜಲು ಶುರು ಮಾಡಿದರು.

ಈಗ ಅವಳು ಈ ಕಡೆ ಕೈ ತೋರಿಸಿದಳು. ಅವರು ತಲೆ ಎತ್ತಿ ಟೆರೇಸಿನ ಕಡೆಗೇ ನೋಡುತ್ತಿದ್ದಾರೆ. ನಾನು ಕಾಣಿಸುತ್ತೇನೆ. ಎದ್ದು ನಿಲ್ಲಲೋ, ಕೈ ಮುಗಿಯಲೋ, ಗೊತ್ತಿಲ್ಲ. ಪುಸ್ತಕ ಮುಚ್ಚಿಟ್ಟು ಏಳುತ್ತೇನೆ.