ಮಂಡಿ ನೋವಿನ ಮಾತ್ರೆ

ಹೋಟೆಲಿನ ಹನ್ನೊಂದನೆಯ ಮಹಡಿ
ಮಂಗಳವಾರ, ಸಂಜೆ

ನನ್ನ ಬಾಯಿಬಡುಕಿ ತಂಗೀ,

ನಾವಿಬ್ಬರೂ ಚೆನ್ನಾಗಿದ್ದೇವೆ ಎಂದು ಮೊದಲ ಸಾಲಿನಲ್ಲಿ ಬರೆಯಬೇಕಲ್ಲ, ಬರೆದಿದ್ದೇನೆ. ನಂಬುವುದು ಬಿಡುವುದು ನಿನಗೆ ಸೇರಿದ್ದು. ಇದನ್ನೆಲ್ಲ ಫೋನಿನಲ್ಲೇ ಕಳಿಸಬಹುದಿತ್ತು. ಆದರೆ ನಿನ್ನ ಫೋನು ನಿನ್ನ ಕೈಯಲ್ಲಿರುವುದಕ್ಕಿಂತ ನನ್ನ ಮಗಳ ಕೈಯಲ್ಲಿರುವುದೇ ಹೆಚ್ಚು. ಇಲ್ಲಿ ಮೇಜಿನ ಖಾನೆಯಲ್ಲಿ ಹೋಟೆಲಿನವರು ಕಾಗದ, ಲಕೋಟೆ ಇಟ್ಟಿದ್ದಾರೆ. ಓದಿ ಹರಿದು ಹಾಕು. ನೀನು ಹರಿಯುವವಳಲ್ಲ, ಗೊತ್ತು. ಕೊನೇಪಕ್ಷ ಅವಳಿಗೆ ತೋರಿಸಬೇಡ.

ಫೋಟೋಗಳನ್ನು ನೋಡಿ ಹೊಟ್ಟೆ ಉರಿದುಕೊಂಡೆಯಂತೆ. ಉರಿದುಕೊಳ್ಳಬೇಡ ಕಣೇ, ಅವು ನಾವು ತೆಗೆದವಲ್ಲ. ಪ್ರವಾಸದ ಗುಂಪನ್ನು ಹಳದಿ ಬಾವುಟ ಹಿಡಿದು ಕರೆದೊಯ್ಯುವ ಹೆಂಗಸೊಬ್ಬಳಿದ್ದಾಳೆ, ಬಾವುಟದಕ್ಕ ಎಂದೇ ಎಲ್ಲರೂ ಕರೆಯುವುದು. ಅವಳು ತೆಗೆದು ಕಳಿಸುತ್ತಾಳೆ, ನಾನು ಮಗಳಿಗೆ ದಾಟಿಸುತ್ತೇನೆ. ಮೊನ್ನೆ ಮಗಳು, "ಅಮ್ಮಾ, ಒಂದ್ರಲ್ಲೂ ನೀವಿಬ್ರೂ ಇಲ್ವಲ್ಲ?" ಎಂದು ಕೇಳಿದಳು. ನಿಮ್ಮಪ್ಪನಿಗೆ ಕ್ಯಾಮೆರಾ ಹುಚ್ಚು ಹಿಡಿದಿದೆ, ನಾನು ಹಿಂದೆ ಚೀಲ ಹೊತ್ತುಕೊಂಡು ನಿಂತಿರುತ್ತೇನೆ ಎಂದು ಬಿಟ್ಟೆ ಒಂದು ಸುಳ್ಳು. ನಿಜ ಏನೆಂದರೆ, ಮೂರನೆಯ ದೇಶಕ್ಕೆ ಬಂದಿದ್ದೇವೆ, ನೋಡಿರುವುದು ಮೂರು ವಿಮಾನ ನಿಲ್ದಾಣ, ಮೂರು ಕೋಣೆ. ಪರದೆಯ ಬಣ್ಣ ಮಾತ್ರ ಬೇರೆ.

ಈ ಪ್ರವಾಸಕ್ಕೆ ನಾವು ಕಾದದ್ದು ನಿನಗೆ ಗೊತ್ತಿಲ್ಲದ್ದೇನಲ್ಲ. ಪ್ರವಾಸದ ಕಂಪನಿಗಳ ಬಣ್ಣದ ಪುಸ್ತಿಕೆಗಳೆಲ್ಲ ನಿನ್ನ ಭಾವ ಕೆಲಸಕ್ಕಿದ್ದ ಪ್ರೆಸ್ಸಿನಲ್ಲೇ ಅಚ್ಚಾಗುತ್ತಿದ್ದವು. ಏಷ್ಯಾ ನೋಡಿ ಬನ್ನಿ ಎಂದು ಊರಿಗೆಲ್ಲ ಅಚ್ಚು ಹಾಕಿ ಕೊಟ್ಟವರು ಇವರೇ. ಕೆಟ್ಟುಹೋದ ಹಾಳೆಗಳನ್ನು ತಂದು ಮನೆಯ ಅಲಮಾರಿಗಳ ಒಳಬಾಗಿಲಿಗೆಲ್ಲ ಅಂಟಿಸಿದ್ದರು. ಚಹಾಪುಡಿಯ ಡಬ್ಬಿ ಇಡುವ ಬಾಗಿಲಿಗೆ ಸಮುದ್ರ. ನೀಲಿ ಜಾಸ್ತಿಯಾಯಿತೆಂದು ಬಿಸಾಡಿದ ಹಾಳೆ ಅದು. ರಜೆ ಬಂತೆಂದರೆ ಪ್ರೆಸ್ಸಿನಲ್ಲಿ ಉಸಿರಾಡಲು ಬಿಡುವಿಲ್ಲ. ಅವರಿಗೆ ಬಿಡುವಾದರೆ ನನಗೆ ಆಸ್ಪತ್ರೆಯಲ್ಲಿ ಪಾಳಿ. ಆಮೇಲೆ ಅತ್ತೆಯ ಕಾಯಿಲೆ, ಮಗಳ ಮದುವೆ, ಅವಳ ಹೆರಿಗೆ. "ರಿಟೈರ್ ಆಗ್ಲಿ ತಡಿ, ಸಮುದ್ರದಲ್ಲಿ ಕಾಲಿಟ್ಕೊಂಡೇ ಚಹಾ ಕುಡಿಯೋಣ" ಎನ್ನುತ್ತಿದ್ದರು. ಈ ವಯಸ್ಸಿನವರೆಗೂ ನಾನು ಸಮುದ್ರ ಅಂತ ನೋಡಿದ್ದು ಆ ಬಾಗಿಲಿನಲ್ಲೇ.

ಮೊದಲ ಊರಿನಲ್ಲೇ ಆಗಬಾರದ್ದು ಆಯಿತು. ನೆಲದಡಿಯ ರೈಲು ಹತ್ತುವಾಗ ಇವರು ಗೋಡೆಯ ಮೇಲಿನ ಪೋಸ್ಟರಿನ ಅಚ್ಚು ನೋಡುತ್ತ ಹಿಂದೆ ಉಳಿದರು. ಬಾಗಿಲು ಮುಚ್ಚಿಕೊಂಡಿತು. ಗಾಜಿನ ಆಚೆ ಇವರ ಬಾಯಿ ಮಾತ್ರ ಆಡುತ್ತಿತ್ತು. ಗುಂಪಿನವರೆಲ್ಲ ನಕ್ಕರು, ನಾನೂ ನಕ್ಕೆ. ಮುಂದಿನ ನಿಲ್ದಾಣದಲ್ಲಿ ಇಳಿದು ವಾಪಸ್ಸು ಬಂದರೆ ಆಸಾಮಿ ಅಲ್ಲಿಲ್ಲ. ಹುಡುಕಿ ಹುಡುಕಿ ಸಿಕ್ಕಿದ್ದು ಇನ್ನೊಂದು ತುದಿಯ ಬೆಂಚಿನ ಮೇಲೆ, ಕಸ ಗುಡಿಸುವವನ ತೋಳು ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದರು. ಅಚ್ಚಿನ ಮೊಳೆ ಜೋಡಿಸುವ ಕಾಲದಿಂದ ತಿರುಗುಮುರುಗಾದ ಅಕ್ಷರವನ್ನೂ ತಲೆಕೆಳಗಾದ ಸಾಲನ್ನೂ ಸಲೀಸಾಗಿ ಓದುತ್ತಿದ್ದ ಮನುಷ್ಯ. "ಒಂದಕ್ಷರಾನೂ ಓದಕ್ಕಾಗ್ಲಿಲ್ಲ ಕಣೇ" ಎಂದರು, ಅಷ್ಟೇ. ಮರುದಿನ ಬೆಳಿಗ್ಗೆ ಮಂಡಿ ನೋವು ಶುರುವಾಯಿತು.

ಆ ಮಂಡಿಯನ್ನು ಒತ್ತಿ, ಮಡಿಸಿ, ತಿರುಗಿಸಿ ನೋಡಿದೆ. ಜೀವಮಾನವೆಲ್ಲ ನರ್ಸಾಗಿದ್ದವಳ ಹತ್ತಿರ ಮಂಡಿ ಸುಳ್ಳು ಹೇಳುತ್ತದೆಯೇ? ಮಂಡಿ ಗುಂಡುಕಲ್ಲಿನ ಹಾಗಿದೆ. ಕೈ ಮಾತ್ರ ನನ್ನ ಸೆರಗು ಬಿಡಲಿಲ್ಲ. "ಮಗಳಿಗೆ ಹೇಳ್ಬೇಡ. ಅಪ್ಪನ ಕೈಲಿ ಇನ್ನೇನೂ ಆಗಲ್ಲ ಅಂತ ವಾಪಸ್ ಕರೆಸ್ಕೊಂಡುಬಿಡ್ತಾಳೆ" ಎಂದು ಆಣೆ ಮಾಡಿಸಿಕೊಂಡರು. ಗುಂಪಿನವರಿಗೆ ನಾನೇ ಇವರಿಗೆ ಮಂಡಿ ನೋವು ಎಂದು ಹೇಳಿಕೊಂಡು ಬರುತ್ತಿದ್ದೇನೆ.

ಅವರು ನನ್ನನ್ನು ತಡೆಯುವುದಿಲ್ಲ ಕಣೇ, ಅದೇ ಕಷ್ಟ. ತಡೆದಿದ್ದರೆ ಜಗಳವಾಡಿಯಾದರೂ ಹೋಗಬಹುದಿತ್ತು. "ನೀನು ಹೋಗಿ ಬಾ, ನಾನೇನು ಮಗೂನಾ?" ಎನ್ನುತ್ತಾರೆ. ಲಿಫ್ಟಿನ ಗುಂಡಿ ಒತ್ತುವಷ್ಟರಲ್ಲಿ ಬನಿಯನ್ನಿನಲ್ಲೇ ಬಾಗಿಲಿಗೆ ಬಂದು ನಿಂತಿರುತ್ತಾರೆ. ಒಮ್ಮೆ ತಿಂಡಿ ತರಲು ಕೆಳಗೆ ಹೋಗಿ ತಡವಾದದ್ದಕ್ಕೆ, ಕೋಣೆ ಗುಡಿಸುವವಳ ಗಾಡಿ ಹಿಡಿದುಕೊಂಡು ನಿಂತಿದ್ದರು. ನನ್ನನ್ನು ಕಂಡದ್ದೇ ಆ ಹೆಂಗಸು ಎದೆಯ ಮೇಲೆ ಕೈಯಿಟ್ಟು ಉಸಿರು ಬಿಟ್ಟಳು. ಇಲ್ಲಿಯ ಕಿಟಕಿಯೂ ತೆರೆಯುವುದಿಲ್ಲ, ಗಾಜನ್ನು ಗೋಡೆಗೆ ಸೇರಿಸಿಯೇ ಕೂರಿಸಿದ್ದಾರೆ. ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅವರನ್ನು ಬಾಯಿತುಂಬ ಬೈದಿದ್ದೇನೆ. ಬೈದು ಬಂದು, ಅರ್ಥವಾಗದ ಭಾಷೆಯ ಅಡುಗೆ ಕಾರ್ಯಕ್ರಮ ನೋಡುತ್ತ ಪಕ್ಕದಲ್ಲೇ ಕೂತಿದ್ದೇನೆ. ಸಿಟ್ಟು, ಅಯ್ಯೋ ಪಾಪ ಎರಡೂ ಒಟ್ಟಿಗೆ ಬಂದರೆ ಮನುಷ್ಯರು ಏನು ಮಾಡಬೇಕು ಹೇಳು?

ಈ ಊರಿನಲ್ಲಿ ಸಮುದ್ರ ಇದೆ. ನಮ್ಮ ಚಹಾಪುಡಿ ಬಾಗಿಲಿನ ಸಮುದ್ರವೇ. ಕಿಟಕಿಯಿಂದ ಎರಡು ಕಟ್ಟಡಗಳ ನಡುವೆ ಒಂದು ಗೇಣು ಕಾಣುತ್ತದೆ. ನಾಳೆ ಹೋಗುವ ಕೊನೆಯ ದೇಶಕ್ಕೆ ಸಮುದ್ರವೇ ಇಲ್ಲ. ಇವತ್ತು ಬಿಟ್ಟರೆ ಬಿಟ್ಟಂತೆಯೇ. ಬೆಳಿಗ್ಗೆಯಿಂದ ಆ ಒಂದು ಗೇಣನ್ನೇ ನೋಡುತ್ತ ನಿಂತೆ. ಇವರು ಹಾಸಿಗೆಯಿಂದಲೇ, "ಅದಲ್ಲ ಬಿಡು. ಬಣ್ಣ ನೋಡು, ಆ ಥರ ಎಲ್ಲಿದೆ?" ಎಂದರು. ಆಗ ನನ್ನ ತಲೆ ಕೆಟ್ಟಿತು.

ಊಟವಾದ ಮೇಲೆ ಮಂಡಿ ನೋವಿಗೆ ಮಾತ್ರೆ ಕೊಡುತ್ತೇನೆ ಎಂದೆ. ಕೊಟ್ಟದ್ದು ನಿದ್ದೆಯ ಮಾತ್ರೆ, ವಿಮಾನದಲ್ಲಿ ಕಣ್ಣು ಹತ್ತಲೆಂದು ಡಾಕ್ಟರು ನನಗೆ ಬರೆದುಕೊಟ್ಟಿದ್ದು. ಇಲ್ಲದ ನೋವಿಗೆ ಅದಲ್ಲದ ಮಾತ್ರೆ. ಇವರು ನನ್ನ ಮುಖ ನೋಡಿದರು, ಮಾತ್ರೆ ನೋಡಿದರು, ಕೈಯನ್ನು ಬಾಯಿಗೆ ಒಯ್ದು, ನೀರು ಕುಡಿದು ಗೋಡೆಯ ಕಡೆ ತಿರುಗಿ ಮಲಗಿದರು. ವಾರ್ಡಿನಲ್ಲಿ ನಾನು ಯಾರನ್ನೂ ಹಾಗೆ ಬಿಟ್ಟವಳಲ್ಲ, ನಾಲಗೆ ಎತ್ತಿಸಿ ನೋಡುತ್ತಿದ್ದೆ. ಇವತ್ತು ನೋಡಲಿಲ್ಲ. ಗೊರಕೆ ಕೇಳಿಸಿದ ಮೇಲೆ ಹೊದಿಕೆಯನ್ನು ಕೈಯ ಮೇಲಕ್ಕೆ ಎಳೆದು, ಚಪ್ಪಲಿ ಹಿಡಿದುಕೊಂಡು ಬರಿಗಾಲಿನಲ್ಲಿ ಹೊರಬಿದ್ದೆ.

ಬಿಸಿಲು ಮುಖಕ್ಕೆ ಹೊಡೆದದ್ದೇ ತಡ, ಓಡಿದೆ ಕಣೇ! ಬೀಗ ರಿಪೇರಿಯ ಅಂಗಡಿ, ಸೈಕಲ್ಲಿಗೆ ಗಾಳಿ ತುಂಬುವವನು, ಒಗೆದ ಬಟ್ಟೆಯಿಂದ ತೊಟ್ಟಿಕ್ಕುವ ಬಾಲ್ಕನಿಗಳು, ಆಮೇಲೆ ಒಂದು ಮೋಟು ಗೋಡೆ, ಅದರಾಚೆ ಸಮುದ್ರ. ನೀಲಿಯೂ ಇಲ್ಲ, ಗೀಲಿಯೂ ಇಲ್ಲ. ವಾರ್ಡು ಒರೆಸಿದ ಬಕೆಟ್ಟಿನ ನೀರಿನ ಬಣ್ಣ. ಕಾಲಿಟ್ಟೆ, ಬೆಚ್ಚಗಿತ್ತು. ಅಲೆ ವಾಪಸ್ಸು ಹೋಗುವಾಗ ಪಾದದಡಿಯ ಮರಳನ್ನೂ ಎಳೆದುಕೊಂಡು ಹೋಗುತ್ತದೆ, ಇದನ್ನು ಯಾವ ಪುಸ್ತಿಕೆಯವರೂ ಹೇಳಿರಲಿಲ್ಲ. ಬಿದ್ದೇಬಿಟ್ಟೆ ಎಂದು ಕಿರುಚಿದೆ, ನಕ್ಕೆ, ಆಮೇಲೆ ಯಾಕೋ ಅಳು ಬಂತು. ಖುಷಿಯಾಯಿತು, ತುಂಬ ಖುಷಿಯಾಯಿತು. ಅಯ್ಯೋ ಅವರಿಲ್ಲವಲ್ಲ ಎನ್ನಿಸಿದ್ದು ಆಮೇಲೆ. ಮೊದಲು ಎನ್ನಿಸಿದ್ದು, ಸದ್ಯ, ಯಾರೂ ಇಲ್ಲ ಎಂದು.

ವಾಪಸ್ಸು ಬಂದಾಗ ಇವರು ಮಲಗಿದ ಹಾಗೇ ಮಲಗಿದ್ದರು. ಈಗಲೂ ಮಲಗಿದ್ದಾರೆ. ಅವರಿಗೆ ಏನೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಚಪ್ಪಲಿಯ ಮರಳು ತೊಳೆದಿಟ್ಟಿದ್ದೇನೆ. ನೀನು ಕೂಡ, ನಾವು ಊರಿಗೆ ಬಂದಾಗ ಸಮುದ್ರ ಹೇಗಿತ್ತು ಎಂದು ಅವರೆದುರು ಬಾಯಿ ಬಿಟ್ಟೀಯ, ಜೋಕೆ. ಮಗಳು ಕೇಳಿದರೆ ಅಕ್ಕ ಭಾವ ಮಜವಾಗಿದ್ದಾರಂತೆ ಎನ್ನು.

ಒಂದು ಮಧ್ಯಾಹ್ನ ಓಡಿಹೋಗಿ ತಾನಾಗಿಯೇ ವಾಪಸ್ಸು ಬಂದ,
ನಿನ್ನ ಅಕ್ಕ

ಮರೆತ ಮಾತು: ಲಕೋಟೆಗೆ ಹಾಕಬೇಕು, ಅಷ್ಟರಲ್ಲಿ ಗೋಡೆಯ ಕಡೆಯಿಂದ ದನಿ ಬಂತು. "ನೀಲಿ ಎಷ್ಟಿತ್ತು?" "ನೀಲಿ ಇರ್ಲೇ ಇಲ್ಲ ರೀ, ಬೂದಿ ಬಣ್ಣ" ಎಂದೆ. "ಇಷ್ಟು ನೀಲಿ ಬೇಡ ಅಂತ ಮಾಲೀಕರ ಹತ್ರ ಬಡ್ಕೊಂಡಿದ್ದೆ" ಎಂದು ಈ ಕಡೆ ತಿರುಗಿ ಮುಷ್ಟಿ ಬಿಚ್ಚಿದರು. ಮಾತ್ರೆ ಬೆವರಿಗೆ ಕರಗಿ ಅಂಗೈಗೆಲ್ಲ ಮೆತ್ತಿಕೊಂಡಿತ್ತು, ಉಗುರು ಊರಿದ ಗುರುತು ಬೇರೆ. ನಾನು ಬರುವವರೆಗೂ ಎಚ್ಚರವಾಗಿಯೇ ಬಿದ್ದುಕೊಂಡಿದ್ದರು, ಬಾಗಿಲಿಗೆ ಬರದೆ.

ನಿನ್ನಿಂದಲೂ ಒಂದು ಮುಚ್ಚಿಟ್ಟೆ. ನಿಜವಾಗಿ ನಿದ್ದೆ ಹೋದವರ ಕೈ ಸಡಿಲವಾಗಿರುತ್ತದೆ, ವಾರ್ಡಿನಲ್ಲಿ ಬಾಗಿಲಿನಿಂದಲೇ ಕಂಡುಹಿಡಿಯುತ್ತಿದ್ದೆ. ಹೊದಿಕೆ ಎಳೆಯುವಾಗ ಇವರ ಮುಷ್ಟಿ ನೋಡಿದ್ದೆ. ನೋಡಿಯೇ ಹೋದೆ ಕಣೇ.

ಕೈ ತೊಳೆಸಿ ಒರೆಸುತ್ತಿದ್ದಾಗ, "ನಾಳೆ ಊರಲ್ಲಿ ನೋಡೋದು ಏನಿದೆಯಂತೆ?" ಎಂದು ಕೇಳಿದರು. ದೊಡ್ಡ ನದಿ, ಅದಕ್ಕೊಂದು ಸೇತುವೆ ಎಂದೆ. ಒರೆಸಿದ ಅಂಗೈ ನೋಡಿಕೊಂಡು, "ಹಾಗಾದ್ರೆ ಆ ಮಾತ್ರೆ ಒಂದು ಇಟ್ಟಿರು. ನಾಳೆನೂ ಮಂಡಿ ನೋಯುತ್ತೆ" ಎಂದರು.