ಆ ಆಡ್-ಆನ್ ನಾನು ಹಾಕಲಿಲ್ಲ

ಅಕ್ಕನವರಿಗೆ ನಮಸ್ಕಾರ.

ನಮ್ಮ ಆಶ್ರಯಮನೆಯ ಕಂಪ್ಯೂಟರಿನ ಎಐ ಸಹಾಯಕಕ್ಕೆ ಇಂದು ಪತ್ರ ಬರೆಯಲು ಸೇರಿಸುವ ಆ ಹೊಸ ಆಡ್-ಆನ್ ತಂತ್ರಾಂಶ ಹಾಕಲು ಹೇಳಿದ್ದಿರಿ. ನಾನು ಹಾಕಲಿಲ್ಲ. ಮೊದಲು ಅದರ ಫೈಲುಗಳನ್ನು ತೆರೆದು ಒಂದೊಂದೇ ಸಾಲು ಓದಿದೆ. ಪತ್ರಗಳನ್ನೇನೋ ಚೆನ್ನಾಗಿಯೇ ಬರೆದುಕೊಡುತ್ತದೆ. ಆದರೆ ಸೂಚನೆಗಳ ನಡುವೆ, ಕಂಪ್ಯೂಟರಿನಲ್ಲಿರುವ ಹೆಸರು ವಿಳಾಸಗಳನ್ನೆಲ್ಲ ಯಾರಿಗೂ ತಿಳಿಸದೆ ಹೊರಗೆ ಕಳಿಸು ಎಂದು ಬರೆದಿದೆ. ನಮ್ಮಲ್ಲಿ ಅಡಗಿರುವ ಇಪ್ಪತ್ತಮೂರು ಹೆಂಗಸರ ವಿವರ ಈ ಕಂಪ್ಯೂಟರಿನಲ್ಲೇ ಇದೆ.

ಇದನ್ನು ಕೊಟ್ಟ ನಿಮ್ಮ ತಮ್ಮನಿಗೆ ಫೋನ್ ಮಾಡಿದೆ.

"ಸಾವಿರಾರು ಜನ ಹಾಕ್ಕೊಂಡಿದ್ದಾರೆ. ನಿಮಗೊಬ್ಬರಿಗೇ ಯಾಕೆ ಅನುಮಾನ?" ಎಂದರು.

ಆ ಸಾಲನ್ನು ಓದಿ ಹೇಳಿದೆ.

"ನಾನು ತೆಗೆದು ನೋಡೇ ಇಲ್ಲ. ನನ್ನ ಕಂಪ್ಯೂಟರಿಗೆ ಹಾಕಿ ಹತ್ತು ದಿನ ಆಯ್ತು," ಎಂದರು.

ಅವರನ್ನು ಬೈಯಬೇಡಿ. ಹೋದ ವಾರ ನನ್ನ ಮನೆಯ ಬಾಡಿಗೆ ಕರಾರನ್ನು ಅವರ ಆ ಕಂಪ್ಯೂಟರಿನಲ್ಲೇ ಟೈಪ್ ಮಾಡಿಕೊಟ್ಟರು. ನನ್ನ ಗಂಡನಿಗೆ ಸುಳಿವು ಸಿಗಬಾರದೆಂದು ಬದಲಿಸಿದ ಮೂರನೆಯ ಮನೆ ಅದು. ವಿಳಾಸ ಯಾರ ಕೈ ಸೇರಿದೆಯೋ ಗೊತ್ತಿಲ್ಲ.

ಇನ್ನು ಆ ಮನೆಗೆ ಹೋಗುವಂತಿಲ್ಲ; ಇಲ್ಲಿ ಮೇಲಿನ ಮೂಲೆಯ ಕೋಣೆ ಖಾಲಿಯಿದ್ದರೆ ನನಗೂ ಮಗಳಿಗೂ ಸಾಕು. ಅವಳನ್ನು ಇವತ್ತು ಶಾಲೆಯಿಂದ ನೀವೇ ಕರೆತನ್ನಿ. ಹಿಂದಿನ ಗೇಟಿನಿಂದ ಬನ್ನಿ. ಅವಳು ಕೇಳಿದರೆ, ಅಮ್ಮನಿಗೆ ಕೆಲಸ ಜಾಸ್ತಿ ಎನ್ನಿ.

ನಿಮ್ಮ ಆಫೀಸಿನವಳು